ಬ್ಲಾಗರ್‌ಗಳ ಹತ್ತಿರ ಹೊಗಳಿಕೆ ಕೇಳಬೇಡಿ, ರುಚಿ ನೋಡಿಸಿ

ಪ್ರಶ್ನೆ: ಗದಗ ಹತ್ತಿರದ ಹಳ್ಳಿಯಲ್ಲಿ ಮರದ ಗಾಣ ಹಾಕಿದ್ದೇನೆ. ಕುಸುಬಿ ಎಣ್ಣೆ, ಶೇಂಗಾ ಎಣ್ಣೆ ತೆಗೆದು ಮಾರುತ್ತೇನೆ. ಸುತ್ತಮುತ್ತ ಚೆನ್ನಾಗಿ ಹೋಗುತ್ತದೆ. ಬೆಂಗಳೂರು, ಪುಣೆ ಕಡೆ ಇರುವ ನಮ್ಮ ಜನಕ್ಕೂ ಕೊರಿಯರ್‌ನಲ್ಲಿ ಕಳಿಸಬೇಕು ಅಂತ ಆಸೆ. ಅದಕ್ಕೆ ಅಡುಗೆ ಬ್ಲಾಗ್ ಬರೆಯುವವರು, ಯೂಟ್ಯೂಬ್‌ನವರು ಸೇರಿ ಸುಮಾರು 40 ಮಂದಿಗೆ ರಿವ್ಯೂ ಮಾಡಿ ಅಂತ ಮೆಸೇಜ್ ಕಳಿಸಿದೆ. ಇಬ್ಬರು ರೇಟ್ ಹೇಳಿದರು, ಉಳಿದವರು ನೋಡಿ ಸುಮ್ಮನಾದರು. ಈಗ ಒಬ್ಬ ಏಜೆನ್ಸಿಯವರು ‘50 ರಿವ್ಯೂ ಗ್ಯಾರಂಟಿ’ ಅಂತ ಪ್ಯಾಕೇಜ್ ಹೇಳುತ್ತಿದ್ದಾರೆ. ತಗೊಳ್ಳಲಾ? ದುಡ್ಡು ಕೊಡದೆ ಯಾರಾದರೂ ಬರೀತಾರಾ?

ಉತ್ತರ: ಮೊದಲು ಆ ಪ್ಯಾಕೇಜ್ ವಿಷಯ ಮುಗಿಸಿಬಿಡೋಣ. ಬೇಡ. ಬಾಟಲಿಯ ಮುಚ್ಚಳವನ್ನೇ ತೆಗೆಯದ 50 ಜನ ಒಂದೇ ವಾರದಲ್ಲಿ ‘ಪರಿಮಳ ಅದ್ಭುತ, ಕ್ವಾಲಿಟಿ ಸೂಪರ್’ ಅಂತ ಬರೆದರೆ, ಅದನ್ನು ಓದಿ ಎಣ್ಣೆ ತರಿಸುವವರು ಯಾರು? ಜನಕ್ಕೆ ಅಷ್ಟು ಗೊತ್ತಾಗುತ್ತದೆ. ನಿಯಮಗಳೂ ಈಗ ಸಡಿಲವಾಗಿಲ್ಲ. ಆನ್‌ಲೈನ್ ರಿವ್ಯೂಗಳಿಗೆ ಅಂತಲೇ ದೇಶದ ಗುಣಮಟ್ಟ ಮಾನದಂಡ ಸಂಸ್ಥೆ ಬಿಐಎಸ್ 2022ರ ನವೆಂಬರಿನಲ್ಲಿ ಐಎಸ್ 19000 ಎಂಬ ಮಾನದಂಡ ತಂದಿತು. ದುಡ್ಡು ಕೊಟ್ಟು ಬರೆಸಿದ ರಿವ್ಯೂ ಪ್ರಕಟಿಸಬಾರದು ಅನ್ನುವುದು ಅದರಲ್ಲಿದೆ. ಅದು ಕಡ್ಡಾಯವಲ್ಲ, ನಿಜ. ಆದರೆ ದಾರಿ ತಪ್ಪಿಸುವ ಜಾಹೀರಾತಿಗೆ ದಂಡ ಹಾಕುವ ಅಧಿಕಾರ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಇದ್ದೇ ಇದೆ. ಮೊದಲ ಸಲ 10 ಲಕ್ಷ ರೂಪಾಯಿ ತನಕ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದ ತನಕ. ಗಾಣ ಹಾಕಿದವರು ಆ ಕಡೆ ತಲೆ ಹಾಕಿಯೂ ಮಲಗಬಾರದು.

ಈಗ ಉಳಿದವರು ಯಾಕೆ ಸುಮ್ಮನಾದರು ಅನ್ನುವುದಕ್ಕೆ ಬರೋಣ. ನಿಮ್ಮ ಮೆಸೇಜ್ ನಾನು ನೋಡಿಲ್ಲ. ಆದರೆ ಬ್ಲಾಗರ್‌ಗಳಿಗೆ ದಿನಾ ಬರುವ ಮೆಸೇಜ್‌ಗಳು ಹೇಗಿರುತ್ತವೆ ಅಂತ ಚೆನ್ನಾಗಿ ಗೊತ್ತು. ಹೀಗಿರುತ್ತವೆ:

‘ನಮಸ್ತೆ ಮೇಡಂ, ನಮ್ಮದು 100% ಶುದ್ಧ, ನೈಸರ್ಗಿಕ ಗಾಣದ ಎಣ್ಣೆ. ಆರೋಗ್ಯಕ್ಕೆ ತುಂಬಾ ಒಳ್ಳೆಯದು. ನಿಮ್ಮ ಚಾನೆಲ್‌ನಲ್ಲಿ ಪ್ರಮೋಟ್ ಮಾಡಿ ಸಪೋರ್ಟ್ ಮಾಡಿ. ಫ್ರೀ ಪ್ರಾಡಕ್ಟ್ ಕಳಿಸ್ತೇವೆ.’

ಇದರಲ್ಲಿ ಓದುವವರ ಹೆಸರಿಲ್ಲ. ಅವರು ಏನು ಬರೀತಾರೆ ಅನ್ನುವ ಸುಳಿವಿಲ್ಲ. ಯಾವ ಎಣ್ಣೆ ಅಂತಲೂ ಇಲ್ಲ. ಇದೇ ಮೆಸೇಜ್ ಇನ್ನು 39 ಜನಕ್ಕೂ ಹೋಗಿದೆ ಅಂತ ಮೊದಲ ಸಾಲಿನಲ್ಲೇ ಗೊತ್ತಾಗಿಬಿಡುತ್ತದೆ. ಮತ್ತೆ, ಪ್ರಮೋಟ್ ಮಾಡಿ ಅಂದಮೇಲೆ ಅದು ರಿವ್ಯೂ ಹೇಗಾಯ್ತು? ಜಾಹೀರಾತು ಕೇಳಿದರೆ ಅವರು ಜಾಹೀರಾತಿನ ರೇಟ್ ಹೇಳುತ್ತಾರೆ. ಆ ಇಬ್ಬರು ಮಾಡಿದ್ದು ಅಷ್ಟೇ. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಒಂದು ಅಡುಗೆ ವಿಡಿಯೊ ಅಂದರೆ ಸಂತೆ, ಅಡುಗೆ, ಶೂಟಿಂಗ್, ಎಡಿಟಿಂಗ್ ಸೇರಿ ಒಂದಿಡೀ ದಿನದ ಕೆಲಸ. ಒಂದು ಬಾಟಲಿ ಎಣ್ಣೆ ಅದಕ್ಕೆ ಕೂಲಿ ಆಗುವುದಿಲ್ಲ.

ನಿಮಗೆ ನಾನು ಹೇಳುವುದು ಇಷ್ಟೇ. ಅವರ ಹತ್ತಿರ ಹೊಗಳಿಕೆ ಕೇಳಬೇಡಿ, ಪರೀಕ್ಷೆ ಮಾಡಿಸಿ. ಬರೆಯುವವರಿಗೆ ಬೇಕಾಗಿರುವುದು ಬರೆಯೋಕೆ ಒಂದು ವಿಷಯ. ನಿಮ್ಮ ಎಣ್ಣೆ ಅವರಿಗೆ ಒಂದು ಒಳ್ಳೆ ವಿಷಯ ಆಗುವ ಹಾಗಿದ್ದರೆ ದುಡ್ಡಿಲ್ಲದೆಯೂ ಬರೀತಾರೆ. ಎಲ್ಲರೂ ಅಲ್ಲ, ಕೆಲವರು. ನಿಮಗೆ ಬೇಕಾಗಿರುವುದೂ ಕೆಲವರೇ.

ಆ ಕೆಲವರನ್ನು ಹುಡುಕುವುದು ಹೇಗೆ? ‘ಟಾಪ್ ಕನ್ನಡ ಫುಡ್ ಬ್ಲಾಗರ್ಸ್’ ಅಂತ ಹುಡುಕಿದರೆ ಎಲ್ಲರಿಗೂ ಸಿಗುವ ಪಟ್ಟಿಯೇ ನಿಮಗೂ ಸಿಗುತ್ತದೆ. ಅದರ ಬದಲು ತಿಂಡಿಗಳ ಹೆಸರು ಹಾಕಿ ಹುಡುಕಿ. ಖಡಕ್ ರೊಟ್ಟಿ, ಅಗಸಿ ಚಟ್ನಿ ಪುಡಿ, ಗುರೆಳ್ಳು ಚಟ್ನಿ, ಎಣ್ಣೆಗಾಯಿ, ಕುಸುಬಿ ಹಾಲಿನ ಹುಗ್ಗಿ. ಕನ್ನಡ ಅಕ್ಷರದಲ್ಲೂ ಹುಡುಕಿ, ಇಂಗ್ಲಿಷ್ ಅಕ್ಷರದಲ್ಲೂ ಹುಡುಕಿ. ಕನ್ನಡದಲ್ಲಿ ಮಾತಾಡುವ ಎಷ್ಟೋ ಜನ ತಲೆಬರಹ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಹಾಕುತ್ತಾರೆ. ‘ಕುಸುಬೆ’, ‘ಕುಸುಬಿ’ ಎರಡೂ ಹಾಕಿ ನೋಡಿ. ಈ ಅಡುಗೆಗಳನ್ನು ಈಗಾಗಲೇ ಮಾಡುತ್ತಿರುವವರಿಗೆ ಕುಸುಬಿ ಎಣ್ಣೆ ಅಂದರೇನು ಅಂತ ನೀವು ಹೇಳಿಕೊಡಬೇಕಿಲ್ಲ. ಅವರ ಓದುಗರಿಗೂ ಹೇಳಬೇಕಿಲ್ಲ. ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯಿಂದ ಹೋಗಿ ಬೆಂಗಳೂರಲ್ಲೋ ಪುಣೆಯಲ್ಲೋ ಮನೆ ಮಾಡಿಕೊಂಡು, ಅಲ್ಲಿ ಒಳ್ಳೆ ಎಣ್ಣೆ ಸಿಗಲ್ಲ ಅಂತ ಗೊಣಗುತ್ತಿರುವವರೇ ನಿಮ್ಮ ಗಿರಾಕಿಗಳು. ಅವರು ಓದುವ ಜಾಗದಲ್ಲಿ ನೀವಿರಬೇಕು.

ಒಬ್ಬೊಬ್ಬರ ಹತ್ತಿರ ಎಷ್ಟು ಫಾಲೋವರ್ಸ್ ಇದ್ದಾರೆ ಅಂತ ಆಮೇಲೆ ನೋಡಿ. ಮೊದಲು ಕಾಮೆಂಟ್ ಓದಿ. ‘ಅಗಸಿ ಹುರಿಯುವಾಗ ಚಟಪಟ ಅನ್ನೋವರೆಗೂ ಬಿಡಬೇಕಾ?’, ‘ನಮ್ಮಲ್ಲಿ ಬಿಳಿ ಜೋಳ ಸಿಗಲ್ಲ, ಏನು ಮಾಡ್ಲಿ?’ ಇಂಥ ಪ್ರಶ್ನೆಗಳಿದ್ದರೆ ಅಲ್ಲಿನ ಜನ ನಿಜವಾಗಿ ಅಡುಗೆ ಮಾಡುತ್ತಾರೆ ಅಂತ ಅರ್ಥ. ಬರೀ ನೈಸ್, ಸೂಪರ್, ಹೂವಿನ ಗುರುತುಗಳೇ ತುಂಬಿದ್ದರೆ ಲಕ್ಷ ಫಾಲೋವರ್ಸ್ ಇದ್ದರೂ ಬಿಟ್ಟುಬಿಡಿ. ಇನ್ನೊಂದು ನೋಡಬೇಕು. ಆ ಬ್ಲಾಗರ್ ಹಿಂದೆ ಯಾವುದಾದರೂ ವಸ್ತುವಿನ ಬಗ್ಗೆ ‘ಇದು ನನಗೆ ಇಷ್ಟ ಆಗಲಿಲ್ಲ’ ಅಂತ ಹೇಳಿದ್ದಾರಾ? ಹೇಳಿದ್ದರೆ ನಿಮಗೆ ಬೇಕಾದವರು ಅವರೇ. ಹೋದ ವಾರ ಒಂದು ಎಣ್ಣೆ, ಈ ವಾರ ಇನ್ನೊಂದು ಎಣ್ಣೆ, ಎರಡಕ್ಕೂ ‘ನಾನು ಮನೆಯಲ್ಲಿ ಇದನ್ನೇ ಬಳಸೋದು’ ಅನ್ನುವವರ ಮಾತಿಗೆ ಬೆಲೆ ಇಲ್ಲ.

ಹೀಗೆ ಸೋಸಿದರೆ 40ರಲ್ಲಿ ಎಂಟೋ ಹತ್ತೋ ಉಳಿಯುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಕಾಗದ ಬರೆಯಿರಿ. ಹೌದು, ಕಾಪಿ ಪೇಸ್ಟ್ ಇಲ್ಲದೆ. ನಾನಾದರೆ ಹೀಗೆ ಬರೀತೇನೆ:

‘ನಮಸ್ಕಾರ. ನಿಮ್ಮ ಅಗಸಿ ಚಟ್ನಿ ಪೋಸ್ಟ್ ಓದಿದೆ. ಬೆಂಗಳೂರಲ್ಲಿ ಊರಿನ ಥರದ ಕುಸುಬಿ ಎಣ್ಣೆ ಸಿಗಲ್ಲ ಅಂತ ಅದರಲ್ಲಿ ಬರೆದಿದ್ದೀರಿ. ನಾನು ಗದಗ ಹತ್ತಿರ ಮರದ ಗಾಣದಲ್ಲಿ ಎಣ್ಣೆ ತೆಗೆಯುತ್ತೇನೆ. ಕುಸುಬಿ ನಮ್ಮ ಸುತ್ತಮುತ್ತಲಿನ ರೈತರದ್ದೇ. ಅರ್ಧ ಲೀಟರ್ ಕಳಿಸಲಾ? ನಿಮ್ಮ ಚಟ್ನಿ ಪುಡಿ ಮೇಲೆ ಹಾಕಿ ನೋಡಿ. ಬರೆಯಲೇಬೇಕು ಅಂತೇನೂ ಇಲ್ಲ. ಬರೆದರೆ ಹೇಗಿದೆಯೋ ಹಾಗೆ ಬರೆಯಿರಿ, ಎಣ್ಣೆ ಪುಕ್ಕಟೆ ಬಂದಿದ್ದು ಅಂತಲೂ ಹೇಳಿ. ಕರಿಯೋಕೆ ಇದು ಅಷ್ಟು ಒಗ್ಗಲ್ಲ, ಬೇಗ ಹೊಗೆ ಬರುತ್ತದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೇಡ ಅಂದರೂ ಬೇಜಾರಿಲ್ಲ.’

ಕೊನೆಯ ಹತ್ತಿರ ಬರುವ ಹೊಗೆಯ ಮಾತು ನೋಡಿ. ಆ ಕಾಗದದಲ್ಲಿ ಕೆಲಸ ಮಾಡುವುದು ಅದೇ. ತನ್ನ ಎಣ್ಣೆಯ ಕೊರತೆಯನ್ನು ತಾನೇ ಹೇಳುವವನ ಉಳಿದ ಮಾತನ್ನೂ ಜನ ನಂಬುತ್ತಾರೆ. ಅದೂ ಅಲ್ಲದೆ ಅದು ನಿಜ. ರಿಫೈನ್ ಮಾಡದ ಕುಸುಬಿ ಎಣ್ಣೆ ಕಡಿಮೆ ಬಿಸಿಗೇ ಹೊಗೆಯಾಡುತ್ತದೆ. ಇದನ್ನು ಹೇಳದೆ ಕಳಿಸಿದರೆ ಅವರು ಮಿರ್ಚಿ ಭಜಿ ಕರಿಯೋಕೆ ಹಾಕಿ, ಅಡುಗೆಮನೆ ತುಂಬಾ ಹೊಗೆ ಮಾಡಿಕೊಂಡು, ಅದನ್ನೇ ಬರೀತಾರೆ. ಆಗ ಅವರ ತಪ್ಪೇನಿದೆ?

ಪಾರ್ಸೆಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಸಣ್ಣ ಉತ್ಪಾದಕರು ಸೋಲುವುದು ಹೆಚ್ಚಾಗಿ ಇಲ್ಲೇ. ಎಣ್ಣೆ ಸೋರಿದ ಡಬ್ಬ ಕೈಗೆ ಬಂದ ಬ್ಲಾಗರ್‌ಗೆ ಎಣ್ಣೆಯ ರುಚಿ ಆಮೇಲೆ ಏನು ನೆನಪಿರುತ್ತದೆ? ಮುಚ್ಚಳದ ಒಳಗೆ ಇಂಡಕ್ಷನ್ ಸೀಲ್ (ಬಾಟಲಿಯ ಬಾಯಿಗೆ ಬಿಸಿಯಿಂದ ಅಂಟಿಸುವ ತೆಳು ಹಾಳೆ) ಇರಲಿ. ಕಳಿಸುವ ಹಿಂದಿನ ರಾತ್ರಿ ಬಾಟಲಿಯನ್ನು ಹಳೇ ಪೇಪರ್ ಮೇಲೆ ಅಡ್ಡ ಮಲಗಿಸಿ, ಮೇಲೆ ಒಂದು ಕಲ್ಲೋ ಪುಸ್ತಕವೋ ಹೇರಿ ಇಡಿ. ಬೆಳಗ್ಗೆ ಪೇಪರ್ ಮೇಲೆ ಬೊಟ್ಟಿನಷ್ಟು ಎಣ್ಣೆ ಕಂಡರೂ ಆ ಬಾಟಲಿ ಕಳಿಸಬೇಡಿ. ಕೊರಿಯರ್ ಗೋದಾಮಿನಲ್ಲಿ ಅದರ ಮೇಲೆ ಬೀಳುವ ಭಾರ ಇನ್ನೂ ಜಾಸ್ತಿ. ಮುಚ್ಚಳದ ಸುತ್ತ ಟೇಪ್ ಸುತ್ತಿ, ಬಾಟಲಿಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆಮೇಲೆ ಡಬ್ಬಕ್ಕೆ ಹಾಕಿ. ಕುಸುಬಿ ಎಣ್ಣೆಗೆ ಬೆಳಕು, ಬಿಸಿಲು ಆಗಿಬರುವುದಿಲ್ಲ, ಬೇಗ ಕಮಟು ಹಿಡಿಯುತ್ತದೆ. ಬಣ್ಣದ ಬಾಟಲಿ ಆದರೆ ಒಳ್ಳೆಯದು. ತೆಗೆದ ವಾರವೇ ಕಳಿಸಿ. ಎರಡು ತಿಂಗಳು ಅಂಗಡಿಯ ಕಿಟಕಿಯಲ್ಲಿ ನಿಂತ ಬಾಟಲಿಯನ್ನು ಸುಮ್ನೆ ಯಾರಿಗೋ ಕೊಡುವುದಲ್ವಾ ಅಂತ ಕಳಿಸಬೇಡಿ.

ಡಬ್ಬದೊಳಗೆ ಒಂದು ಸಣ್ಣ ಚೀಟಿ ಇಡಿ. ಕುಸುಬಿ ಯಾವ ತಾಲ್ಲೂಕಿನದ್ದು, ಯಾವತ್ತು ಗಾಣಕ್ಕೆ ಹಾಕಿದ್ದು, ತಳದಲ್ಲಿ ಗಸಿ ಇದ್ದರೆ ಅದು ಯಾಕೆ, ಎಷ್ಟು ತಿಂಗಳೊಳಗೆ ಬಳಸಬೇಕು, ಅರ್ಧ ಲೀಟರ್‌ಗೆ ಬೆಲೆ ಎಷ್ಟು, ಕೊರಿಯರ್ ಖರ್ಚು ಎಷ್ಟು. ಕೆಳಗೆ ಎರಡು ಪರೀಕ್ಷೆ ಬರೆಯಿರಿ. ಒಂದು, ಖಡಕ್ ರೊಟ್ಟಿ, ಚಟ್ನಿ ಪುಡಿ ಮೇಲೆ ಹಸಿ ಎಣ್ಣೆ ಹಾಕಿ ತಿಂದು ನೋಡುವುದು. ಇನ್ನೊಂದು, ಅದೇ ಪುಡಿ ಮೇಲೆ ಮನೆಯಲ್ಲಿರುವ ರಿಫೈನ್ಡ್ ಎಣ್ಣೆ ಹಾಕಿ ಪಕ್ಕದಲ್ಲಿಟ್ಟು ನೋಡುವುದು. ಇಷ್ಟು ಕೊಟ್ಟರೆ ಅವರ ಪೋಸ್ಟಿಗೆ ಅರ್ಧ ಸಾಮಗ್ರಿ ಸಿಕ್ಕಿತು. ಫೋಟೊ ತೆಗೆಯೋಕೂ ಏನೋ ಸಿಕ್ಕಿತು. ಹೊಗಳಿಕೆಯ ಮಾತು ಒಂದೂ ಬರೆಯಬೇಡಿ. ನೀವು ‘ಘಮಘಮ’ ಅಂತ ಬರೆದರೆ ಅವರು ಆ ಮಾತನ್ನು ಬೇಕಂತಲೇ ಬಿಡುತ್ತಾರೆ.

ಲೇಬಲ್ ಸರಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಬ್ಲಾಗರ್ ಬಾಟಲಿಯನ್ನು ಹತ್ತಿರದಿಂದ ತೋರಿಸುತ್ತಾರೆ, ನೋಡುವವರು ಇನ್ನೂ ದೊಡ್ಡದು ಮಾಡಿ ನೋಡುತ್ತಾರೆ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನಂಬರ್, ಬ್ಯಾಚ್ ನಂಬರ್, ಪ್ಯಾಕ್ ಮಾಡಿದ ದಿನ, ಎಲ್ಲಿಯ ತನಕ ಬಳಸಬಹುದು, ವಿಳಾಸ, ಅಳತೆ, ಹಸಿರು ಚುಕ್ಕೆ. ಇದರಲ್ಲಿ ಒಂದು ಇಲ್ಲದಿದ್ದರೂ ಮೊದಲ ಕಾಮೆಂಟ್ ಅದರ ಬಗ್ಗೆಯೇ ಬರುತ್ತದೆ. ‘ಸಾವಯವ’ ಅನ್ನುವುದನ್ನು ಪ್ರಮಾಣಪತ್ರ ಇಲ್ಲದೆ ಹಾಕಬೇಡಿ. ‘ಕೊಲೆಸ್ಟ್ರಾಲ್ ಇಲ್ಲ’ ಅನ್ನುವುದನ್ನೂ ತೆಗೆಯಿರಿ. ಗಿಡದಿಂದ ಬರುವ ಯಾವ ಎಣ್ಣೆಯಲ್ಲೂ ಅದು ಇರುವುದಿಲ್ಲ, ನಿಮ್ಮದರ ಹೆಚ್ಚುಗಾರಿಕೆ ಏನಲ್ಲ.

ಇದೇ ಮಾತು ಮುಂದುವರಿಸಿ ಒಂದು ಎಚ್ಚರಿಕೆ. ‘ಶುಗರ್ ಕಡಿಮೆ ಆಗುತ್ತದೆ’, ‘ಮಂಡಿ ನೋವು ಹೋಗುತ್ತದೆ’ ಅಂತ ನೀವೂ ಹೇಳಬೇಡಿ, ಬ್ಲಾಗರ್ ಕೈಲೂ ಹೇಳಿಸಬೇಡಿ. ಆಹಾರದ ಜಾಹೀರಾತಿಗೆ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳಿವೆ. ರೋಗ ವಾಸಿ ಮಾಡುತ್ತದೆ ಅನ್ನುವಂತಿಲ್ಲ. ಸಕ್ಕರೆ ಕಾಯಿಲೆಗೆ ಮದ್ದು ಅಂತ ಜಾಹೀರಾತು ಮಾಡುವುದನ್ನು 1954ರಷ್ಟು ಹಿಂದೆಯೇ ಕಾಯ್ದೆ ಮಾಡಿ ನಿಷೇಧಿಸಿದ್ದಾರೆ. ಬ್ಲಾಗರ್ ತಾವಾಗಿಯೇ ಉತ್ಸಾಹದಲ್ಲಿ ಹೀಗೆ ಹೇಳಿಬಿಟ್ಟರೆ, ಫೋನ್ ಮಾಡಿ ಆ ಸಾಲು ತೆಗೆಸಿ. ರಿವ್ಯೂನಲ್ಲಿ ನೀವು ಕೈ ಹಾಕಬಹುದಾದ ಜಾಗ ಇದೊಂದು. ಬೆಲೆ, ಊರು, ಫೋನ್ ನಂಬರ್ ತಪ್ಪಾಗಿದ್ದರೆ ಅದೂ ಸರಿ. ಮಿಕ್ಕಿದ್ದರಲ್ಲಿ ಬೇಡ. ‘ಹಾಕುವ ಮೊದಲು ನನಗೆ ಒಮ್ಮೆ ತೋರಿಸಿ’ ಅಂತ ಕೇಳಿದರೆ ಅವರಿಗೆ ಅಲ್ಲೇ ಮನಸ್ಸು ಮುರಿಯುತ್ತದೆ.

ಈಗ ಪುಕ್ಕಟೆ ಎಣ್ಣೆ ಕೊಟ್ಟಿದ್ದನ್ನು ಹೇಳಬೇಕಾ ಅನ್ನುವ ವಿಷಯ. ಹೇಳಲೇಬೇಕು. ಎಷ್ಟೋ ಜನ ಅಂದುಕೊಂಡಿರುವುದು ದುಡ್ಡು ಕೊಟ್ಟರೆ ಮಾತ್ರ ಜಾಹೀರಾತು, ಬಾಟಲಿ ಕೊಟ್ಟರೆ ಅಲ್ಲ ಅಂತ. ಹಾಗಿಲ್ಲ. ಜಾಹೀರಾತುಗಳ ಸ್ವಯಂ ನಿಯಂತ್ರಣ ಸಂಸ್ಥೆ ಎಎಸ್‌ಸಿಐ 2021ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ಮಾಡಿತು. ಆ ವರ್ಷ ಜೂನ್ 14ರಿಂದ ಅದು ಜಾರಿಯಲ್ಲಿದೆ. ಪುಕ್ಕಟೆ ವಸ್ತು, ರಿಯಾಯಿತಿ, ಪ್ರವಾಸ, ಹೋಟೆಲ್ ವಾಸ, ಎಲ್ಲವೂ ಹೇಳಬೇಕಾದ ಸಂಬಂಧವೇ. ಅವರು ಕೇಳದೆ ನೀವಾಗಿಯೇ ಕಳಿಸಿದ್ದರೂ ಅಷ್ಟೇ. ಹೇಳುವುದನ್ನು ಎಲ್ಲೋ ಹ್ಯಾಶ್‌ಟ್ಯಾಗ್‌ಗಳ ರಾಶಿಯಲ್ಲಿ ಹುದುಗಿಸುವಂತಿಲ್ಲ. 2 ನಿಮಿಷಕ್ಕಿಂತ ದೊಡ್ಡ ವಿಡಿಯೊ ಆದರೆ ನಿಮ್ಮ ಎಣ್ಣೆಯ ವಿಷಯ ಬರುವಷ್ಟು ಹೊತ್ತೂ ಅದು ತೆರೆಯ ಮೇಲೆ ಕಾಣಬೇಕು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಇದರ ಬಗ್ಗೆ ಕೈಪಿಡಿ ಹೊರಡಿಸಿತು. ಅದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಮಾತಿದೆ. ಶಿಫಾರಸು ಯಾವ ಭಾಷೆಯಲ್ಲಿದೆಯೋ ಈ ಮಾಹಿತಿಯೂ ಅದೇ ಭಾಷೆಯಲ್ಲಿರಬೇಕು. ಅಂದರೆ ಕನ್ನಡ ವಿಡಿಯೊಗೆ ಕನ್ನಡದಲ್ಲೇ ‘ಪ್ರಾಯೋಜಿತ’ ಅಂತಲೋ ‘ಉಚಿತವಾಗಿ ಬಂದದ್ದು’ ಅಂತಲೋ ಇರಬೇಕು. ಕನ್ನಡದಲ್ಲಿ ಅರ್ಧ ಗಂಟೆ ಮಾತಾಡಿ ಮೂಲೆಯಲ್ಲಿ ಇಂಗ್ಲಿಷಿನ ಎರಡಕ್ಷರ ಹಾಕಿದರೆ ಆಗಲ್ಲ.

ಇದರಿಂದ ಮಾರಾಟ ಕಡಿಮೆ ಆಗುತ್ತದೆ ಅಂತ ಹೆದರಬೇಡಿ. ‘ಇವರು ಬಾಟಲಿ ಕಳಿಸಿದ್ದರು, ನನಗೆ ಇಷ್ಟವಾಗಿ ಆಮೇಲೆ ನಾನೇ ದುಡ್ಡು ಕೊಟ್ಟು ತರಿಸಿದೆ’ ಅನ್ನುವ ಒಂದು ವಾಕ್ಯ ಬಂದರೆ ಏಜೆನ್ಸಿಯ ಆ 50 ರಿವ್ಯೂಗಿಂತ ಅದೇ ಹೆಚ್ಚು ಕೆಲಸ ಮಾಡುತ್ತದೆ.

ಲಿಂಕ್ ವಿಷಯವೂ ಇದೆ. ಬ್ಲಾಗರ್‌ಗಳು ನಿಮ್ಮ ಅಂಗಡಿಯ ಪುಟಕ್ಕೆ ಲಿಂಕ್ ಕೊಟ್ಟರೆ ಗೂಗಲ್‌ನಲ್ಲಿ ಮೇಲೆ ಬರುತ್ತೇವೆ ಅಂತ ಯಾರಾದರೂ ಹೇಳಿರಬಹುದು. ಪುಕ್ಕಟೆ ವಸ್ತು ಪಡೆದು ಬರೆದ ಪೋಸ್ಟಿನಲ್ಲಿ ಆ ಲಿಂಕ್‌ಗೆ ‘ನೋಫಾಲೋ’ ಗುರುತು (ಮೇಲೆ ತರುವಾಗ ಈ ಲಿಂಕ್ ಲೆಕ್ಕಕ್ಕೆ ಹಿಡಿಯಬೇಡಿ ಅಂತ ಗೂಗಲ್‌ಗೆ ಹೇಳುವ ಗುರುತು) ಹಾಕಬೇಕು ಅಂತ ಗೂಗಲ್ 2016ರಲ್ಲೇ ಹೇಳಿದೆ. 2019ರಲ್ಲಿ ಇಂಥದಕ್ಕೇ ಅಂತ ‘ಸ್ಪಾನ್ಸರ್ಡ್’ ಗುರುತನ್ನೂ ತಂದಿತು. ಅನುಭವಸ್ಥ ಬ್ಲಾಗರ್‌ಗಳಿಗೆ ಇದು ಗೊತ್ತಿರುತ್ತದೆ. ‘ನೋಫಾಲೋ ಬೇಡ’ ಅಂತ ಹಟ ಮಾಡಬೇಡಿ. ಲಿಂಕ್ ಒತ್ತಿ ಬರುವ ಮನುಷ್ಯರು ಹೇಗಿದ್ದರೂ ಬರುತ್ತಾರೆ.

ದುಡ್ಡು ಕೊಟ್ಟು ಮಾಡಿಸಲೇಬಾರದಾ? ಮಾಡಿಸಬಹುದು, ಆದರೆ ಆಮೇಲೆ. ಮೊದಲು ನಾಲ್ಕೈದು ಜನ ಸ್ವಂತ ಮನಸ್ಸಿನಿಂದ ಬರೆಯಲಿ. ಯಾವ ಮಾತಿಗೆ ಜನ ಎಣ್ಣೆ ಕೇಳುತ್ತಾರೆ ಅಂತ ನಿಮಗೇ ತಿಳಿಯುತ್ತದೆ. ಆಮೇಲೆ ದುಡ್ಡು ಹಾಕಿದರೆ ವ್ಯರ್ಥವಾಗುವುದಿಲ್ಲ. ಹಾಗೆ ಕೊಡುವಾಗ ಅದು ಜಾಹೀರಾತು ಅಂತ ಇಬ್ಬರೂ ಒಪ್ಪಿಕೊಂಡು, ಏನು ಮಾಡಿಕೊಡುತ್ತಾರೆ, ಯಾವತ್ತು, ಎಷ್ಟು ತಿಂಗಳು ಪೋಸ್ಟ್ ಇರುತ್ತದೆ ಅಂತ ಇಮೇಲ್‌ನಲ್ಲೋ ವಾಟ್ಸಾಪ್‌ನಲ್ಲೋ ಬರೆದಿಟ್ಟುಕೊಳ್ಳಿ. ಅವರ ಫೋಟೊವನ್ನೋ ಮಾತನ್ನೋ ನಿಮ್ಮ ಪಾಂಪ್ಲೆಟ್, ಲೇಬಲ್ ಮೇಲೆ ಹಾಕಬೇಕಾದರೆ ಬೇರೆ ಅನುಮತಿ ಬೇಕು. ರಿವ್ಯೂ ಬರೆದರು ಅಂದ ಮಾತ್ರಕ್ಕೆ ಅವರ ಫೋಟೊ ನಿಮ್ಮದಾಗುವುದಿಲ್ಲ. ಇನ್ನೊಂದು ಸಣ್ಣ ಲೆಕ್ಕ. ಜಿಎಸ್‌ಟಿ ನೋಂದಣಿ ಇದ್ದರೆ ಪುಕ್ಕಟೆ ಹಂಚಿದ ಬಾಟಲಿಗಳ ಮೇಲೆ ಇನ್‌ಪುಟ್ ಕ್ರೆಡಿಟ್ (ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಸಿಗುವುದಿಲ್ಲ. ಎಷ್ಟು ಕೊಟ್ಟಿರಿ ಅಂತ ಬರೆದಿಡಿ, ಲೆಕ್ಕ ನೋಡುವವರು ಕೇಳುತ್ತಾರೆ.

ಕೆಟ್ಟ ರಿವ್ಯೂ ಬಂದರೆ? ಬರುತ್ತದೆ. ‘ವಾಸನೆ ಜಾಸ್ತಿ’, ‘ದುಬಾರಿ’, ‘ತಳದಲ್ಲಿ ಕಸ ಇತ್ತು’. ಮೊದಲನೆಯದಕ್ಕೆ ಉತ್ತರ ಕೊಡಬೇಡಿ, ಅದು ಅವರ ರುಚಿ. ಎರಡನೆಯದಕ್ಕೆ ಒಂದು ಲೀಟರ್ ಎಣ್ಣೆಗೆ ಎಷ್ಟು ಕೆಜಿ ಕುಸುಬಿ ಬೇಕಾಗುತ್ತದೆ, ಈ ವರ್ಷ ಕುಸುಬಿ ಏನು ರೇಟ್ ಇದೆ ಅಂತ ಎರಡು ಸಾಲು ಸಾಕು. ಮೂರನೆಯದಕ್ಕೆ ಬ್ಯಾಚ್ ನಂಬರ್ ಕೇಳಿ. ಅದು ಬರೀ ಗಸಿಯಾ, ಅಥವಾ ನಿಜವಾಗಿಯೂ ಸೋಸಿದ್ದು ಸಾಲದಾಗಿತ್ತಾ ಅಂತ ಪರೀಕ್ಷಿಸಿ. ಸಾಲದಾಗಿದ್ದರೆ ಎಲ್ಲರಿಗೂ ಕಾಣುವ ಹಾಗೆ ಅಲ್ಲೇ ಬರೆಯಿರಿ: ‘ಹೌದು, ಆ ಬ್ಯಾಚ್‌ನಲ್ಲಿ ತೊಂದರೆ ಇತ್ತು, ಬಟ್ಟೆ ಬದಲಿಸಿದ್ದೇವೆ, ಹೊಸ ಬಾಟಲಿ ಕಳಿಸುತ್ತೇವೆ.’ ಪೋಸ್ಟ್ ತೆಗೆಯಿರಿ ಅಂತ ಮಾತ್ರ ಕೇಳಬೇಡಿ. ಕೇಳಿದ್ದು ಸ್ಕ್ರೀನ್‌ಶಾಟ್ ಆಗಿ ಊರೆಲ್ಲ ಓಡಾಡುತ್ತದೆ. ನೆಂಟರಿಂದ ಐದೈದು ಸ್ಟಾರ್ ಹಾಕಿಸುವುದೂ ಬೇಡ.

ಬಾಟಲಿ ಕಳಿಸಿ ಎರಡು ವಾರ ಆದರೂ ಸುದ್ದಿ ಇಲ್ಲ ಅಂದರೆ ಒಂದೇ ಒಂದು ಸಲ ವಿಚಾರಿಸಿ. ‘ಯಾವಾಗ ಹಾಕ್ತೀರಿ’ ಅಂತಲ್ಲ, ‘ಸರಿಯಾಗಿ ತಲುಪಿತಾ, ಸೋರಿರಲಿಲ್ಲ ತಾನೇ’ ಅಂತ. ಬರೆಯಲೇಬೇಕು ಅಂತೇನಿಲ್ಲ ಅಂದವರು ನೀವೇ. ಕೆಲವರು ಎಣ್ಣೆ ಬಳಸಿ ಸುಮ್ಮನಿರುತ್ತಾರೆ. ಆ ಖರ್ಚನ್ನು ಮೊದಲೇ ಮನಸ್ಸಿನಲ್ಲಿ ಬರೆದುಹಾಕಿ.

ಯಾರಿಂದ ಎಷ್ಟು ಆರ್ಡರ್ ಬಂತು ಅಂತ ತಿಳಿಯೋಕೆ ಒಬ್ಬೊಬ್ಬ ಬ್ಲಾಗರ್‌ಗೂ ಒಂದು ಕೂಪನ್ ಕೋಡ್ ಕೊಡಬಹುದು. ಆ ಕೋಡ್‌ನಿಂದ ಅವರಿಗೆ ಕಮಿಷನ್ ಹೋಗುತ್ತದೆ ಅಂತಾದರೆ ಅದನ್ನೂ ಅವರು ಹೇಳಬೇಕು. ಇನ್ನೂ ಸುಲಭದ ದಾರಿ, ವಾಟ್ಸಾಪ್‌ನಲ್ಲಿ ಆರ್ಡರ್ ಮಾಡುವ ಪ್ರತಿಯೊಬ್ಬರನ್ನೂ ‘ನಮ್ಮ ಬಗ್ಗೆ ಎಲ್ಲಿ ನೋಡಿದಿರಿ?’ ಅಂತ ಕೇಳುವುದು. ವಿಡಿಯೊದಿಂದ ಬರುವ ಆರ್ಡರ್ ಎರಡು ಮೂರು ದಿನ ಜೋರಾಗಿ ಬಂದು ನಿಲ್ಲುತ್ತದೆ. ಬರೆದ ಬ್ಲಾಗ್ ಪೋಸ್ಟ್ ಹಾಗಲ್ಲ, ಹುಡುಕುವವರಿಗೆ ವರ್ಷಗಟ್ಟಲೆ ಸಿಗುತ್ತಿರುತ್ತದೆ, ಅಲ್ಲಿಂದ ಒಂದೊಂದೇ ಆರ್ಡರ್ ಬರುತ್ತಿರುತ್ತದೆ. ಆದ್ದರಿಂದ ಬರೀ ಯೂಟ್ಯೂಬ್ ಹಿಂದೆ ಬೀಳಬೇಡಿ. ನಾಲ್ಕು ನೂರು ಜನ ಓದುವ ಚಿಕ್ಕ ಬ್ಲಾಗ್ ಆದರೂ ಪಟ್ಟಿಯಲ್ಲಿರಲಿ.

ಕಳಿಸುವ ಮುಂಚೆ ನಿಮ್ಮ ಕಡೆ ಎಷ್ಟು ಎಣ್ಣೆ ಇದೆ ನೋಡಿಕೊಳ್ಳಿ. ಒಂದು ವಿಡಿಯೊ ಚೆನ್ನಾಗಿ ಓಡಿ, ಒಂದೇ ದಿನ ನೂರು ಜನ ಕೇಳಿ, ‘ಸ್ಟಾಕ್ ಇಲ್ಲ, ಮುಂದಿನ ತಿಂಗಳು’ ಅಂದರೆ ಅಷ್ಟೂ ಕೆಲಸ ನೀರಿನಲ್ಲಿ ಹೋಮ. ಅದಕ್ಕೇ ಹತ್ತೂ ಬಾಟಲಿಯನ್ನು ಒಂದೇ ದಿನ ಕಳಿಸಬೇಡಿ. ವಾರಕ್ಕೆ ಎರಡರಂತೆ ಕಳಿಸಿ. ಮೊದಲ ಇಬ್ಬರು ಏನಂತಾರೆ ನೋಡಿ, ಚೀಟಿಯನ್ನೋ ಸೀಲನ್ನೋ ಸರಿ ಮಾಡಿಕೊಂಡು ಮುಂದಿನದನ್ನು ಕಳಿಸಿ. ಹಿಂಗಾರಿನ ಕುಸುಬಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಹೊಸ ಕಾಳಿನ ಎಣ್ಣೆಯಿಂದಲೇ ಶುರು ಮಾಡಿದರೆ ಒಳ್ಳೆಯದು. ಶೇಂಗಾ ಎಣ್ಣೆಯನ್ನು ಈ ಸುತ್ತಿನಲ್ಲಿ ಸೇರಿಸಬೇಡಿ. ಅದು ಎಲ್ಲರ ಹತ್ತಿರವೂ ಇದೆ.